ಹದಿನೇಳನೇ ಬಿಲ್ಲೆ

ಇದು ಅಪ್ಪನ ಹೆಬ್ಬೆಟ್ಟಲ್ಲ. ಅಲ್ಲವೇ ಅಲ್ಲ. ಅಥವಾ ಹೌದೋ ಏನೋ. ಹೆಬ್ಬೆಟ್ಟು ಅಂದ ಮೇಲೆ ಒಂದು ವಾರ ಗಟ್ಟಿಯಾಗಿ ಬೀಳುತ್ತದೆ, ಇನ್ನೊಂದು ವಾರ ತೇಲಿ ಬೀಳುತ್ತದೆ, ಮಸಿ ಹೆಚ್ಚಾದರೆ ಹರಡುತ್ತದೆ. ಅದೆಲ್ಲ ಸರಿ. ಆದರೆ ಇಲ್ಲದ ಗೆರೆ ಎಲ್ಲಿಂದ ಬಂತು?

ಅವನು ಭೂತಗನ್ನಡಿಯನ್ನು ಪುಟಕ್ಕೆ ಇನ್ನಷ್ಟು ಹತ್ತಿರ ಹಿಡಿದ. ಹಾಜರಿ ಪುಸ್ತಕದ ಹಾಳೆ ಹಳದಿಗಟ್ಟಿತ್ತು. ಅಂಚನ್ನು ಹುಳ ತಿಂದು ಬಲೆ ಮಾಡಿತ್ತು. ಎಡಗಡೆ ಬಿಲ್ಲೆ ನಂಬರು, ಪಕ್ಕದಲ್ಲಿ ಹೆಸರು, ಅದರ ಮುಂದೆ ವಾರಕ್ಕೊಂದರಂತೆ ನೀಲಿ ಹೆಬ್ಬೆಟ್ಟು. ಬಿಲ್ಲೆ ನಂಬರ್ ಹದಿನೇಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಹುದ್ದೆ ತಾತ್ಕಾಲಿಕ. ತಾತ್ಕಾಲಿಕ ಅಂತ ಬರೆದುಕೊಂಡೇ ಐವತ್ತೊಂದು ವರ್ಷ ಎಳೆದಿದ್ದರು. ತಾತ್ಕಾಲಿಕದವನಿಗೆ ರಜೆ ಇಲ್ಲ, ವಯಸ್ಸಿಲ್ಲ, ನಿವೃತ್ತಿಯೂ ಇಲ್ಲ.

ಅವನು ಮತ್ತೆ ಮೊದಲ ಪುಸ್ತಕದಿಂದ ಶುರು ಮಾಡಿದ. ಮೊದಲ ವರ್ಷ ಗೆರೆಗಳು ಚೊಕ್ಕವಾಗಿದ್ದವು. ನೀರಿನ ಸುಳಿಯಂತೆ ಒಂದರೊಳಗೊಂದು ಸುತ್ತಿಕೊಂಡಿದ್ದವು. ಎರಡನೇ ವರ್ಷ ನಡುವಿನ ಸುಳಿ ಮಸುಕಾಯಿತು. ಮೂರನೇ ವರ್ಷ ಅಂಚಿನಲ್ಲಿ ನಾಲ್ಕು ಗೆರೆ ಉಳಿದವು. ನಾಲ್ಕನೇ ವರ್ಷ ಏನೂ ಇರಲಿಲ್ಲ. ಕಾಸ್ಟಿಕ್ ಸೋಡಾದ ಕೆಲಸವೇ ಅಂಥದ್ದು. ಹಾಸುಬಟ್ಟೆಯ ರಕ್ತ ತೆಗೆಯುವ ನೀರು ಬೆರಳಿನ ಗೆರೆಯನ್ನು ಬಿಡುತ್ತದೆಯೇ? ಅಲ್ಲಿಂದ ಮುಂದೆ ಶನಿವಾರದಿಂದ ಶನಿವಾರಕ್ಕೆ ಒಂದೇ ತರದ ನುಣ್ಣನೆಯ ನೀಲಿ ಮಚ್ಚೆ. ಹೊಳೆಯ ಕಲ್ಲನ್ನು ಮಸಿಯಲ್ಲಿ ಅದ್ದಿ ಒತ್ತಿದ ಹಾಗೆ.

ಹನ್ನೊಂದನೇ ವರ್ಷದ ಕೊನೆಗೆ, ಒಂದು ಶನಿವಾರ ಬೋಳು ಮಚ್ಚೆ. ಮುಂದಿನ ಶನಿವಾರ ಗೆರೆ. ಒಂದೊಂದೂ ಎಣಿಸುವ ಹಾಗೆ.

ಕೈಗೆ ತಿಂಗಳುಗಟ್ಟಲೆ ಬಿಡುವು ಸಿಕ್ಕರೆ ಗೆರೆ ಮತ್ತೆ ಚಿಗುರುತ್ತದೆ. ಅದು ಅವನಿಗೆ ಗೊತ್ತಿತ್ತು. ಆದರೆ ಒಂದು ವಾರವೂ ತಪ್ಪಿರಲಿಲ್ಲ. ಅದೂ ಅಲ್ಲದೆ, ಮೊದಲಿನದು ಸುಳಿ. ಇದು ಗುಡ್ಡ. ಗೆರೆಗಳು ಈ ಕಡೆಯಿಂದ ಏರಿ ಆ ಕಡೆಗೆ ಇಳಿಯುತ್ತಿದ್ದವು. ಆ ಗುಡ್ಡವೂ ಮೂರು ವರ್ಷದಲ್ಲಿ ಸವೆದು ಮಚ್ಚೆಯಾಯಿತು. ಇನ್ನಾರು ವರ್ಷಕ್ಕೆ, ಮತ್ತೊಂದು ಶನಿವಾರ, ಮತ್ತೆ ಗೆರೆ. ಈ ಸಲ ಓರೆಯಾಗಿ ಹರಿದು ವಾಪಸು ತಿರುಗುವ ಕುಣಿಕೆ.

ಒಂದು ಹೆಸರು. ಒಂದು ಬಿಲ್ಲೆ. ಮೂರು ಹೆಬ್ಬೆಟ್ಟು.

"ಏನ್ರೀ ಡಿಗ್ರಿ," ದಫ್ತರದ ಗುಮಾಸ್ತ ಬಾಗಿಲಲ್ಲಿ ನಿಂತು ನಕ್ಕ. "ಕೈ ನೋಡಿ ಭವಿಷ್ಯ ಹೇಳೋರನ್ನ ಕಂಡಿದ್ದೆ. ಹೆಬ್ಬೆಟ್ಟು ನೋಡಿ ಹಿಂದಿನದು ಹೇಳೋರನ್ನ ಇವತ್ತೇ ಕಂಡಿದ್ದು. ಊಟಕ್ಕೆ ಬರೋಲ್ವಾ?"

"ನೀವು ಹೋಗಿ. ಬರ್ತೀನಿ."

ಅವನು ಹೋಗಲಿಲ್ಲ. ದಫ್ತರದ ಕೋಣೆಗೆ ಒಂದೇ ಕಿಟಕಿ. ಅದರ ಆಚೆ ಗೋಡೆ.

*

ಅವನಿಗೆ ಈ ಕೆಲಸ ಸಿಕ್ಕಿದ್ದು ಆಸ್ಪತ್ರೆಗೆ ನೂರು ವರ್ಷ ತುಂಬುತ್ತಿದ್ದುದರಿಂದ. ಸ್ಮರಣ ಸಂಚಿಕೆ ತರಬೇಕು, ಹಳೇ ಪುಸ್ತಕಗಳನ್ನು ಜೋಡಿಸಬೇಕು, ಇತಿಹಾಸ ಓದಿದವನೊಬ್ಬ ಬೇಕು ಅಂತ ಆಡಳಿತಾಧಿಕಾರಿ ಹೇಳಿದರಂತೆ. ಈ ಅಧಿಕಾರಿಗೆ ಆಸ್ಪತ್ರೆ ಕೆಲಸಗಾರರ ಸಾಲುಮನೆಯವರು ಇಟ್ಟ ಹೆಸರು ಇಸ್ತ್ರಿ ಸಾಹೇಬರು. ಅವರ ಅಂಗಿಯ ಮೇಲೆ ಒಂದು ಸುಕ್ಕು ಕಂಡವರಿಲ್ಲ. ಮುಖದ ಮೇಲೂ ಇಲ್ಲ.

"ಹದಿನೇಳನೇ ನಂಬರಿನವರು ನಿಮ್ಮ ತಂದೆಯವರಂತೆ," ಅವರು ಮೊದಲ ದಿನವೇ ಕರೆಸಿ ಹೇಳಿದ್ದರು. "ಐವತ್ತೊಂದು ವರ್ಷ ರೀ! ಒಂದು ವಾರ ತಪ್ಪಿಲ್ಲ. ಇಂಥ ನಿಷ್ಠೆ ಈ ಕಾಲದಲ್ಲಿ ಎಲ್ಲಿದೆ? ಅವರ ಹೆಸರಲ್ಲಿ ಒಂದು ಕಲ್ಲು ನಿಲ್ಲಿಸ್ತೀವಿ. ನೀವು ಅವರ ಬಗ್ಗೆ ಎರಡು ಪುಟ ಬರೀರಿ. ಪರದೇನೂ ನೀವೇ ಎಳೀರಿ."

ಐವತ್ತೊಂದು ವರ್ಷ ಅಂದಾಗಲೇ ಅವನಿಗೆ ಎಲ್ಲೋ ತಾಳೆಯಾಗಲಿಲ್ಲ. ಅಪ್ಪ ಸತ್ತು ಎರಡು ವರ್ಷ. ಸತ್ತಾಗ ಎಷ್ಟು ವಯಸ್ಸು ಅಂತ ಅವನಿಗೆ ಗೊತ್ತಿರಲಿಲ್ಲ. ಮರಣಪತ್ರದಲ್ಲಿ ಎಪ್ಪತ್ತೊಂದು ಅಂತ ಇತ್ತು. ನೋಡಿದರೆ ನಂಬಬಹುದಿತ್ತು. ಬೆನ್ನು ಗೂನಾಗಿತ್ತು, ಕೂದಲು ಬಿಳುಪಾಗಿತ್ತು, ಹಬೆ ಕುಡಿದೂ ಕುಡಿದೂ ಪುಪ್ಪುಸ ಹರಿದ ಚೀಲವಾಗಿತ್ತು. ಆದರೆ ಅಮ್ಮನಿಗೆ ನಲವತ್ತೈದು ದಾಟಿಲ್ಲ. ಲೆಕ್ಕದವರು ಎರಡು ಪುಸ್ತಕ ಬೆರೆಸಿಬಿಟ್ಟಿರಬೇಕು ಅಂದುಕೊಂಡು ಅವನು ಭೂತಗನ್ನಡಿ ಕೊಂಡು ತಂದಿದ್ದ.

ಮನೆಯಲ್ಲಿ ಅಜ್ಜನ ಮಾತು ಬರುತ್ತಿರಲಿಲ್ಲ. ಬಂದರೆ ಒಂದೇ ವಾಕ್ಯ: ಅವರು ಮನೆ ಬಿಟ್ಟು ಹೋದರು. ಹೆಂಡತಿ, ಎಂಟು ವರ್ಷದ ಮಗನನ್ನು ಬಿಟ್ಟು ಒಂದು ದಿನ ಎದ್ದು ಹೋದರು, ತಿರುಗಿ ಬರಲಿಲ್ಲ. ಸಾಲುಮನೆಯ ಹುಡುಗರು ಜಗಳವಾದರೆ ಸಾಕು, "ಓಡಿಹೋದವನ ಮೊಮ್ಮಗ" ಅನ್ನುತ್ತಿದ್ದರು. ಅವನು ಹದಿನಾಲ್ಕರಲ್ಲಿದ್ದಾಗ ಅಪ್ಪನೊಂದಿಗೆ ಯಾವುದಕ್ಕೋ ಜಗಳವಾಡಿ, "ನಿಮ್ಮಪ್ಪ ಹೋದ ಹಾಗೆ ನಾನೂ ಎದ್ದು ಹೋಗ್ತೀನಿ" ಅಂದಿದ್ದ. ಅಪ್ಪ ಹೊಡೆದದ್ದು ಅದೊಂದೇ ಸಲ. ಕೆನ್ನೆಗೆ ಬಿದ್ದ ಅಂಗೈ ಎಷ್ಟು ನುಣ್ಣಗಿತ್ತೆಂದರೆ, ಏಟಿಗಿಂತ ಆ ನುಣುಪಿಗೇ ಅವನು ಬೆಚ್ಚಿದ್ದ. ಹೊಡೆದ ಮೇಲೆ ಅಪ್ಪ ಬಾಯಿ ತೆರೆದರು. ಏನೋ ಹೇಳುವವರಿದ್ದರು. ಹೇಳಲಿಲ್ಲ. ಬಿಲ್ಲೆ ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ಇಳಿದರು.

*

ನೆಲಮಾಳಿಗೆಯ ಹಳಬರಲ್ಲಿ ಉಳಿದಿದ್ದವನು ಒಬ್ಬನೇ. ಹಂಡೆಗೆ ಸೋಡಾ ಬೆರೆಸುತ್ತಿದ್ದವನು. ಎಲ್ಲರಿಗೂ ಸೋಡಾ ತಾತ. ಸಾಲುಮನೆಯ ಕೊನೇ ಕೋಣೆಯಲ್ಲಿ ತಂಗಿಯ ಮಗಳ ಜೊತೆ ಇದ್ದ. ಎರಡು ಕಣ್ಣಿನ ರೆಪ್ಪೆಯಲ್ಲೂ ಒಂದು ಕೂದಲಿರಲಿಲ್ಲ.

"ತಾತ, ಹದಿನೇಳನೇ ಬಿಲ್ಲೆ ಎಷ್ಟು ಜನರ ಕೊರಳಲ್ಲಿತ್ತು?"

"ಒಬ್ಬನದೇ. ಪುಸ್ತಕ ನೋಡ್ಕೋ ಹೋಗು."

"ನೋಡ್ಕೊಂಡೇ ಬಂದೆ. ಮೂರು."

ತಾತ ಅವನ ಮುಖವನ್ನೇ ನೋಡಿದ. "ನಿನ್ನನ್ನ ಇಷ್ಟೊಂದು ಓದಿಸಬಾರದಿತ್ತು ಕಣೋ. ಹತ್ತನೇ ಕ್ಲಾಸಿಗೆ ನಿಲ್ಲಿಸು ಅಂತ ನಿಮ್ಮಪ್ಪನಿಗೆ ಬಡ್ಕೊಂಡೆ."

ಮೊದಲ ಮಧ್ಯಾಹ್ನ ಅಷ್ಟೇ. ಎರಡನೇ ಮಧ್ಯಾಹ್ನ ತಾತ ಕೆಮ್ಮಿದ, ಚಹಾ ಕುಡಿದ, ಬೆನ್ನು ತಿರುಗಿಸಿ ಮಲಗಿದ. ಅವನು ಗೋಡೆಗೆ ಒರಗಿ ಕೂತೇ ಇದ್ದ. ಮೂರನೇ ಮಧ್ಯಾಹ್ನ ತಾತ ಎದ್ದು ಬಾಗಿಲು ಹಾಕಿದ.

"ಹಂಡೆ ಮಗುಚಿತು," ಅಂದ. "ದೊಡ್ಡ ಹಂಡೆ. ಅದರ ಒಲೆಯ ಒಂದು ಕಾಲು ಬಿರುಕು ಬಿಟ್ಟಿತ್ತು. ತಿಂಗಳಿಂದ ಮೇಸ್ತ್ರಿಗೆ ಹೇಳ್ತಾ ಇದ್ವಿ. ಮೇಲೆ ಬರ್ಕೊಟ್ಟಿದೀನಿ ಅಂತಿದ್ದ. ನಿಮ್ಮಜ್ಜ ಕೋಲು ಹಾಕಿ ಬಟ್ಟೆ ತಿರುವುತ್ತಿದ್ದ. ಮೈಮೇಲೇ ಬಂತು. ಸೊಂಟದಿಂದ ಕೆಳಗೆ ಪೂರ್ತಿ. ಕೂಗಲೂ ಇಲ್ಲ ಮಾರಾಯ. ಬಾಯಿ ತೆರೀತು, ಉಸಿರು ಬರಲಿಲ್ಲ."

"ಮೇಲೆ ಕರ್ಕೊಂಡು ಹೋಗ್ಲಿಲ್ವಾ? ಆಸ್ಪತ್ರೆ ತಾನೆ ಅದು!"

"ನಮಗೆ ಮೇಲಕ್ಕೆ ದಾರಿ ಎಲ್ಲಿತ್ತು? ನಾವು ಇಳಿಯೋದು ಹಿಂದಿನ ಗೇಟು, ಹತ್ತೋದು ಹಿಂದಿನ ಗೇಟು. ಬಟ್ಟೆ ಗಂಟು ತಗಡಿನ ಕೊಳವೇಲಿ ತಾನಾಗೇ ಬೀಳುತ್ತೆ. ಹಾಜರಿ ಗುಮಾಸ್ತನಿಗೆ ನಮ್ಮ ವಾಸನೆ ಆಗ್ತಿರ್ಲಿಲ್ಲ. ನಾವು ಇಳಿಯೋ ಮೆಟ್ಟಿಲಿಗೂ ಮೊಗಸಾಲೆಗೂ ನಡುವಿನ ಗೋಡೇಲಿ ಒಂದು ಕಿಂಡಿ ಕೊರೆಸಿದ್ದ. ಅವನು ಆ ಕಡೆ, ನಾವು ಈ ಕಡೆ. ಕೈ ತೂರಿಸಬೇಕು, ಅವನು ಬೆರಳು ಹಿಡಿದು ಒತ್ತಿಸ್ಕೋಬೇಕು. ಅದಕ್ಕೂ ಕೈಗವಸು ಹಾಕ್ಕೊಂಡಿರೋನು."

ತಾತ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ.

"ಬಿಲ್ಲೆಯವನು ಸತ್ರೆ ಬಿಲ್ಲೆ ವಾಪಸು. ವಾರದೊಳಗೆ ಕೋಣೆ ಖಾಲಿ. ಆ ನಿಯಮ ನಿಮ್ಮಜ್ಜನಿಗೂ ಗೊತ್ತಿತ್ತು. ಮಧ್ಯಾಹ್ನದ ತನಕ ಜೀವ ಇತ್ತು. ಒಂದೇ ಮಾತು ಆಡಿದ. ಬಿಲ್ಲೆ ಬಿಚ್ಚಿ, ಅವಳಿಗೆ ಕೊಡಿ ಅಂದ. ನಾವು ನಾಲ್ಕು ಜನ ಹಾಸುಬಟ್ಟೇಲಿ ಎತ್ಕೊಂಡು, ಹಿಂದಿನ ಗೇಟಿಂದ ಸುತ್ತು ಹಾಕಿ, ಮುಂದಿನ ಗೇಟಿನ ಹತ್ರ ಮಲಗಿಸಿದ್ವಿ. ಯಾರೋ ಬಿದ್ದಿದ್ದಾನೆ ನೋಡಿ ಅಂತ ಕಾವಲಿನವನಿಗೆ ಹೇಳಿ ಬಂದ್ವಿ. ಒಳಗೆ ಹೋಗೋಷ್ಟರಲ್ಲಿ ಹೋಗಿದ್ದ. ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿದ್ರು. ಗುರುತಿಲ್ಲ ಅಂತ."

"ಯಾರಿಗೂ..."

"ಎರಡು ದಿನ ನಾವು ನಿದ್ದೆ ಮಾಡ್ಲಿಲ್ಲ ಕಣೋ. ಯಾರಾದ್ರೂ ಗುರುತು ಹಿಡಿದುಬಿಟ್ರೆ ಅಂತ. ಹನ್ನೊಂದು ವರ್ಷ ಅವರ ರಕ್ತ, ಅವರ ಕೀವು, ಅವರ ಹೇಲು ಒಗೆದವನು. ಡಾಕ್ಟ್ರು ನೋಡಿದ್ರು, ನರ್ಸು ನೋಡಿದ್ರು, ಆ ಹಾಜರಿ ಗುಮಾಸ್ತ ಪಕ್ಕದಲ್ಲೇ ನಡ್ಕೊಂಡು ಹೋದ. ಒಬ್ಬನಿಗೂ ಗೊತ್ತಾಗ್ಲಿಲ್ಲ. ನಾವು ಹೆದರಿದ್ದೇ ದಂಡ."

ತಾತ ನಕ್ಕ. ನಗು ಕೆಮ್ಮಾಯಿತು. ಅವನು ನೀರು ಕೊಟ್ಟ.

"ಅಜ್ಜಿ?"

"ಮಾರನೇ ದಿನ ಬಿಲ್ಲೆ ಹಾಕ್ಕೊಂಡು ಇಳಿದಳು. ಗಂಡನ ಅಂಗಿ, ತಲೆಗೆ ಬಟ್ಟೆ ಸುತ್ಕೊಂಡು. ಅಳಬೇಡ ಅಂತ ನಾವೇ ಹೇಳಿದ್ವಿ. ಅತ್ರೆ ಕೊಳವೇಲಿ ಮೇಲಕ್ಕೆ ಕೇಳಿಸುತ್ತೆ. ಹತ್ತು ಗಂಟೆಗೆ ಮೊದಲನೇ ಗಂಟು ಬಿತ್ತು. ಬಿಚ್ಚಿದ್ಲು. ಮೇಲಿದ್ದದ್ದು ನಾವು ಅವನನ್ನ ಹೊತ್ತಿದ್ದ ಹಾಸುಬಟ್ಟೆ. ಚರ್ಮ ಅಂಟ್ಕೊಂಡಿತ್ತು. ಕೊಡು, ನಾನು ಒಗೀತೀನಿ ಅಂದೆ. ಕೊಡ್ಲಿಲ್ಲ."

ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ತಾತ ಸದ್ದು ನಿಲ್ಲುವ ತನಕ ಕಾದ.

"ಶನಿವಾರ ಬಂತು. ಕಿಂಡೀಲಿ ಕೈ ತೂರಿಸಿದ್ಲು. ಗುಮಾಸ್ತ ಬೆರಳು ಹಿಡಿದು ಒತ್ತಿಸ್ಕೊಂಡ. ಹೆಣ್ಣಿನ ಕೈ ಅಂತ ತಿಳೀಲಿಲ್ಲ. ಐದೇ ದಿನಕ್ಕೆ ಸೋಡಾ ಕೈಯನ್ನ ಉಬ್ಬಿಸಿ, ಬಿರಿಸಿ, ಕೈಯೇ ಅಲ್ಲ ಅನ್ನೋ ಹಾಗೆ ಮಾಡಿತ್ತು. ಒಂಬತ್ತು ವರ್ಷ ಹಾಗೇ ನಡೀತು. ಆವತ್ತಿನಿಂದ ಅವಳು ಹದಿನೇಳು. ಬಾಯಿ ತಪ್ಪಿ ಕೂಡ ನಾವ್ಯಾರೂ ಬೇರೆ ಕರೀಲಿಲ್ಲ. ಬಾಯಿ ತಪ್ಪಿದ್ರೆ ನಾಲ್ಕು ಮನೆ ಬೀದಿಗೆ. ಆಮೇಲೆ ನಿಮ್ಮಪ್ಪನಿಗೆ ಹದಿನೇಳು ತುಂಬ್ತು. ಬಿಲ್ಲೇನೂ ಹದಿನೇಳು, ಹುಡುಗನೂ ಹದಿನೇಳು ಅಂತ ನಗಾಡ್ಕೊಂಡು ಅವನ ಕೊರಳಿಗೆ ಹಾಕಿದ್ವಿ."

ಅವನು ಎಲ್ಲವನ್ನೂ ಬರೆದುಕೊಂಡ. ಹಂಡೆ ಯಾವ ಮೂಲೆಯಲ್ಲಿತ್ತು, ಎಷ್ಟು ಗಂಟೆಗೆ ಮಗುಚಿತು, ಹೊತ್ತ ನಾಲ್ವರು ಯಾರು, ಮೇಸ್ತ್ರಿ ಏನಂದ. ಪುಸ್ತಕದ ಹನ್ನೆರಡು ಪುಟ ತುಂಬಿತು. ಓದಿದವನ ಚಟ. ಕೇಳಬೇಕಾದ್ದೆಲ್ಲ ಕೇಳಿದೆ ಅನ್ನಿಸಿ ಎದ್ದ.

"ಇನ್ನೇನಾದ್ರೂ ಕೇಳೋದಿದ್ಯಾ?" ಅಂದ ತಾತ.

"ಇಲ್ಲ ತಾತ. ಸಾಕು."

*

ಮಾರನೇ ದಿನ ಅವನು ಅನಾಥ ಶವಗಳ ಪುಸ್ತಕ ತೆಗೆಸಿದ. ಗೆರೆ ಬದಲಾದ ಆ ಎರಡು ಶನಿವಾರಗಳ ನಡುವಿನ ಪುಟ. ಹುಡುಕುವ ಕಷ್ಟವೂ ಇರಲಿಲ್ಲ. ಆ ವಾರ ಒಂದೇ ದಾಖಲೆ.

"ಗಂಡಸು. ವಯಸ್ಸು ಸುಮಾರು ಮೂವತ್ತು. ಬಿಸಿನೀರಿನ ಗಾಯ. ಕೈಯ ಚರ್ಮ ಹಳೆಯದಾಗಿ ಬಿರಿದಿದೆ. ಬಹುಶಃ ಭಿಕ್ಷುಕ. ಗುರುತು ಹಿಡಿದವರಿಲ್ಲ. ವಿಲೇವಾರಿ ಮಾಡಲಾಗಿದೆ."

ವಿಲೇವಾರಿ. ಕಡತಕ್ಕೂ ಅದೇ ಪದ, ಕಸಕ್ಕೂ ಅದೇ ಪದ.

ಅಜ್ಜ ಓಡಿಹೋಗಿರಲಿಲ್ಲ. ಎಪ್ಪತ್ತು ಹೆಜ್ಜೆ ಕೂಡ ಹೋಗಿರಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಈಗಲೇ, ಇಲ್ಲೇ. ಅವನು ತಲೆ ಎತ್ತಿದ. ಗುಮಾಸ್ತ ಊಟಕ್ಕೆ ಹೋಗಿದ್ದ. ಹೇಳಬೇಕಾದವರು ಒಬ್ಬರೇ ಇದ್ದರು, ಅವರು ಎರಡು ವರ್ಷದ ಹಿಂದೆ, ತಮ್ಮದಲ್ಲದ ಹೆಸರಲ್ಲಿ, ತಮ್ಮದಲ್ಲದ ವಯಸ್ಸಲ್ಲಿ ಸತ್ತಿದ್ದರು. ಅಜ್ಜಿ ಅಪ್ಪನನ್ನು ಮನೆಯೊಳಗೆ ಕರೆಯುತ್ತಿದ್ದ ಹೆಸರು ಒಂದಿತ್ತು. ಅದು ಮುದ್ದಿನ ಹೆಸರು ಅಂತಲೇ ಅವನು ಇಷ್ಟು ದಿನ ತಿಳಿದಿದ್ದ. ಅದೇ ಅವರ ಹೆಸರು. ಹಾಜರಿ ಪುಸ್ತಕದಲ್ಲಿದ್ದದ್ದು ಅಜ್ಜನದು. ಶಾಲೆಯಲ್ಲಿ ಅವನ ತಂದೆಯ ಹೆಸರು ಅಂತ ಬರೆಸಿದ್ದೂ ಅಜ್ಜನದೇ. ಪದವಿಯ ಪತ್ರದಲ್ಲೂ ಅದೇ. ಕಾಗದದ ಪ್ರಕಾರ ಅವನು ತನ್ನ ಅಪ್ಪನಿಗೆ ತಮ್ಮ.

ಅವನು ಮಸಿಯ ಪೆಟ್ಟಿಗೆ ತೆರೆದು ತನ್ನ ಹೆಬ್ಬೆಟ್ಟನ್ನು ಒಂದು ಚೀಟಿಯ ಮೇಲೆ ಒತ್ತಿದ. ಗೆರೆ ಒಂದೂ ಸವೆದಿರಲಿಲ್ಲ. ಪುಸ್ತಕ ತಿರುವಿದ ಬೆರಳು, ಸವೆಯುವುದೆಲ್ಲಿಂದ? ಭೂತಗನ್ನಡಿ ಹಿಡಿದ. ಈ ಕಡೆಯಿಂದ ಏರಿ ಆ ಕಡೆಗೆ ಇಳಿಯುವ ಗುಡ್ಡ. ಅಜ್ಜಿಯದು. ಅವನಿಗೆ ನಾಲ್ಕು ವರ್ಷವಿದ್ದಾಗ ಅಜ್ಜಿ ಸತ್ತಿದ್ದಳು. ನೆನಪಿದ್ದದ್ದು ಒಂದೇ. ಅವಳು ಅವನ ಕೆನ್ನೆ ಸವರುವಾಗ ಅಂಗೈ ಬಳಸುತ್ತಿರಲಿಲ್ಲ. ಕೈ ಮಗುಚಿ, ಬೆರಳಿನ ಬೆನ್ನಿನಿಂದ ಸವರುತ್ತಿದ್ದಳು.

*

ಅಮ್ಮ ಹರಿದ ಹಾಸುಬಟ್ಟೆಗೆ ತೇಪೆ ಹಾಕುತ್ತಿದ್ದಳು. ಒಗೆತಕ್ಕೆ ಯಂತ್ರ ಬಂದ ಮೇಲೂ ಹೊಲಿಗೆಗೆ ಅವಳೇ ಬೇಕಿತ್ತು. ಅದಕ್ಕೇ ಸಾಲುಮನೆಯ ಕೋಣೆಯಲ್ಲಿ ಇರಗೊಟ್ಟಿದ್ದರು.

"ನಿನಗೆ ಗೊತ್ತಿತ್ತಾ?"

"ಮದುವೆ ಆದ ವಾರಕ್ಕೇ ಗೊತ್ತಾಯ್ತು. ಸಂತೋಷದಲ್ಲಿ ನಿಮ್ಮಪ್ಪನ ಹೆಸರು ಹಿಡಿದು ಹೊರಗೆ ಕೂಗ್ಬಿಟ್ಟೆ. ಅತ್ತೆ ಓಡಿ ಬಂದು ಬಾಯಿ ಮುಚ್ಚಿದ್ರು."

"ನನಗೆ ಯಾಕೆ ಹೇಳ್ಲಿಲ್ಲ?"

"ಮಕ್ಕಳ ಬಾಯಿ ತೂತು ಗಡಿಗೆ. ಹಾಕಿದ್ದೆಲ್ಲ ಸೋರುತ್ತೆ."

"ಓಡಿಹೋದವನ ಮೊಮ್ಮಗ ಅನ್ನಿಸ್ಕೊಂಡು ಬೆಳೆದೆ ಅಮ್ಮ ನಾನು."

"ಅನ್ನಿಸ್ಕೊಂಡ್ರೆ ಮೈ ಸವೀತಾ? ತಲೆ ಮೇಲೆ ಸೂರು ಉಳೀತಲ್ಲ." ಅವಳು ದಾರ ಕಚ್ಚಿ ತುಂಡು ಮಾಡಿದಳು. "ಈಗ ಏನು ಮಾಡೋನಿದ್ದೀಯ?"

"ಬರೀತೀನಿ. ಎರಡು ಪುಟ ಕೇಳಿದ್ದಾರಲ್ಲ."

ಇಸ್ತ್ರಿ ಸಾಹೇಬರು ಎರಡು ಪುಟವನ್ನೂ ಪೂರ್ತಿ ಓದಿದರು. ಓದಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು.

"ಚೆನ್ನಾಗಿ ಬರೀತೀರಿ. ಕಥೆ ಬರೀಬಹುದು ನೀವು."

"ಕಥೆ ಅಲ್ಲ ಸಾರ್."

"ಕಥೆಯಾಗೇ ಇದ್ರೆ ನಿಮಗೇ ಒಳ್ಳೇದು. ಸತ್ತವರ ಹೆಸರಲ್ಲಿ ನಲವತ್ತು ವರ್ಷ ಕೆಲಸ ಮಾಡೋದಕ್ಕೆ ಕಾನೂನಲ್ಲಿ ಒಂದು ಪದ ಇದೆ. ವಂಚನೆ ಅಂತಾರೆ. ಅದನ್ನ ನಿಮ್ಮ ತಂದೆಯ ಹಣೆಗೆ ಅಂಟಿಸಬೇಕಾ?"

"ಕೆಲಸ ಮಾಡಿದ್ದಾರೆ ಸಾರ್. ಮೂರು ಜನಾನೂ ಮಾಡಿದ್ದಾರೆ."

"ನೋಡಪ್ಪಾ." ಅವರ ದನಿ ಮೆತ್ತಗಾಯಿತು. "ತಾಯಿಯವರು ಬದುಕಿರೋ ತನಕ ಆ ಕೋಣೇಲಿ ಇರ್ಲಿ. ನಾನೇ ಬರ್ಕೊಡ್ತೀನಿ. ನೀನು ಬಂದು ಪರದೆ ಎಳಿ, ಮುಗೀತು. ಇಷ್ಟಕ್ಕೂ ಆ ಕಲ್ಲಿನ ಮೇಲಿರೋದು ನಿಮ್ಮಜ್ಜನ ಹೆಸರೇ ತಾನೆ?"

"ಕಲ್ಲು ಎಲ್ಲಿ ನಿಲ್ಲಿಸ್ತೀರಿ?"

"ಅದೇ, ಮೊಗಸಾಲೆ ಗೋಡೇಲಿ ಹಳೇ ಕಿಂಡಿ ಇದೆಯಲ್ಲ, ಅದರ ಮೇಲೆ. ನೋಡೋಕೆ ಅಸಹ್ಯವಾಗಿದೆ. ಮುಚ್ಚಿದ ಹಾಗೂ ಆಗುತ್ತೆ."

ಅಮ್ಮ ಕೇಳಿ ಒಂದೇ ಮಾತು ಹೇಳಿದಳು. "ಎಳೆದುಬಿಡು. ಸತ್ತವರಿಗೆ ಮಳೆಯಿಲ್ಲ, ಬಿಸಿಲಿಲ್ಲ. ನನಗಿದೆ."

ಅವನು ಒಪ್ಪಿಕೊಂಡ. ಒಪ್ಪಿಕೊಳ್ಳದೆ ಏನು ಮಾಡುತ್ತಾನೆ? ಪದವಿ ಇತ್ತು, ಕೆಲಸ ಈ ತಿಂಗಳಿಗೆ ಮುಗಿಯುತ್ತಿತ್ತು. ಸಮಾರಂಭಕ್ಕೆ ನಾಲ್ಕು ದಿನ ಇರುವಾಗ ಸೋಡಾ ತಾತ ಸತ್ತ. ಹೊರಲು ನಾಲ್ಕು ಜನ ಬೇಕಿತ್ತು. ಸಾಲುಮನೆಯಲ್ಲಿ ಗಂಡಸರು ಮೂವರೇ ಇದ್ದರು. ನಾಲ್ಕನೆಯವನಾಗಿ ಅವನು ಹೆಗಲು ಕೊಟ್ಟ.

*

ಸಮಾರಂಭದ ದಿನ ಅವನೂ ಅಮ್ಮನೂ ಮೊದಲ ಸಲ ಮುಂದಿನ ಬಾಗಿಲಿನಿಂದ ಒಳಗೆ ಹೋದರು. ದಫ್ತರಕ್ಕೂ ಅವನು ಇಷ್ಟು ದಿನ ಹಿಂದಿನ ಗೇಟಿನಿಂದಲೇ ಹೋಗುತ್ತಿದ್ದ. ಕಾವಲಿನವನು ತಡೆಯಲಿಲ್ಲ. ಆದರೂ ಅಮ್ಮ ಅವನ ಮುಂದೆ ಒಂದು ಗಳಿಗೆ ನಿಂತಳು, ತಡೆಯಲಿ ಎಂಬಂತೆ. ಮೊದಲ ಸಾಲಿನಲ್ಲಿ ಕುರ್ಚಿ ಕೊಟ್ಟರು. ಅವಳು ಅದರ ಅಂಚಿನಲ್ಲಿ ಕೂತಳು. ಆಸ್ಪತ್ರೆಯವರು ಕೊಟ್ಟ ಹೊಸ ಬಟ್ಟೆ ಗಂಜಿಯ ಬಿರುಸಿಗೆ ಅವಳ ಮೈಮೇಲೆ ನಿಲ್ಲುತ್ತಿರಲಿಲ್ಲ.

ಕಿಂಡಿಯ ಮೇಲೆ ಕಲ್ಲು. ಕಲ್ಲಿನ ಮೇಲೆ ಕೆಂಪು ಪರದೆ. ಪಕ್ಕದಲ್ಲಿ ಒಂದು ದಾರ. ಕಲ್ಲು ಇನ್ನೂ ಗಾರೆಗೆ ಕೂತಿರಲಿಲ್ಲ, ಒರಗಿಸಿ ನಿಲ್ಲಿಸಿದ್ದರು. ಬದಿಯಿಂದ ನೋಡಿದರೆ ಕಿಂಡಿಯ ಕತ್ತಲೆ ಎರಡು ಬೆರಳಿನಷ್ಟು ಕಾಣುತ್ತಿತ್ತು.

ಇಸ್ತ್ರಿ ಸಾಹೇಬರು ಧ್ವನಿವರ್ಧಕದ ಮುಂದೆ ನಿಂತು ಇಪ್ಪತ್ತು ನಿಮಿಷ ಮಾತಾಡಿದರು. ಸೇವೆ ಅಂದರು. ಶ್ರದ್ಧೆ ಅಂದರು. ಅವನು ದಾರ ಹಿಡಿದು ನಿಂತಿದ್ದ. ಎಳೆದುಬಿಡುವುದು, ಅಷ್ಟೇ. ಅಮ್ಮನಿಗೆ ಸೂರು. ಆಗ ಸಾಹೇಬರು ಕೊನೆಯ ಮಾತಿಗೆ ಬಂದರು.

"ಅವರನ್ನು ನಾವೆಲ್ಲ ದಿನವೂ ನೋಡುತ್ತಿದ್ದೆವು. ಆ ನಗುಮುಖವನ್ನು ಈ ಆಸ್ಪತ್ರೆ ಮರೆಯಲು ಸಾಧ್ಯವೇ?"

ಚಪ್ಪಾಳೆ ಬಿತ್ತು. ಸಾಹೇಬರು ಅವನತ್ತ ತಲೆಯಾಡಿಸಿದರು. ಅವನು ಎಳೆಯಲಿಲ್ಲ. ಚಪ್ಪಾಳೆ ನಿಂತಿತು. ಮತ್ತೆ ತಲೆಯಾಡಿಸಿದರು.

"ಎಳೀರಿ," ಅಂದರು ಸಾಹೇಬರು. 

"ಎಳೆಯಲ್ಲ."

"ಏನು?"

"ನಾನು ಎಳೆಯಲ್ಲ ಸಾರ್." ಅವನು ದಾರ ಬಿಟ್ಟ. ಧ್ವನಿವರ್ಧಕದ ಹತ್ತಿರ ಬಂದ. "ನಗುಮುಖ ಅಂದ್ರಲ್ಲ. ಯಾವ ಮುಖ? ಮೂರು ಮುಖ ಇತ್ತು. ನೀವು ನೋಡಿದ್ದು ಯಾವುದನ್ನ?"

ಯಾರೋ ಹಿಂದಿನ ಸಾಲಿನಲ್ಲಿ ನಕ್ಕರು. ತಮಾಷೆ ಅಂದುಕೊಂಡಿರಬೇಕು.

"ಈ ಕಲ್ಲಿನ ಮೇಲೆ ಹೆಸರಿರೋರು ಸತ್ತು ನಲವತ್ತೆರಡು ವರ್ಷ ಆಯ್ತು. ಇಲ್ಲೇ ಸತ್ರು. ನೀವು ರಿಪೇರಿ ಮಾಡಿಸದ ಹಂಡೆ ಮೈಮೇಲೆ ಮಗುಚಿ ಸತ್ರು. ಹನ್ನೊಂದು ವರ್ಷ ನಿಮ್ಮ ಹಾಸಿಗೆ ಒಗೆದವರನ್ನ ಭಿಕ್ಷುಕ ಅಂತ ಬರ್ಕೊಂಡ್ರಿ. ವಿಲೇವಾರಿ ಮಾಡಿದ್ರಿ. ಪುಸ್ತಕ ಮೇಲೆ ದಫ್ತರದಲ್ಲಿದೆ, ಹೋಗಿ ನೋಡಿ." ಅವನು ಅಜ್ಜನ ಹೆಸರು ಹೇಳಿದ. ಪೂರ್ತಿ ಹೆಸರು, ನಿಧಾನವಾಗಿ. "ಕೊನೇ ಮೂವತ್ತೊಂದು ವರ್ಷ ಒಗೆದದ್ದು ಅವರ ಮಗ. ನಮ್ಮಪ್ಪ. ನಲವತ್ತೆಂಟಕ್ಕೆ ಸತ್ರು, ಎಪ್ಪತ್ತೊಂದು ಅಂತ ನೀವೇ ಬರ್ಕೊಟ್ಟಿದ್ದೀರಿ. ಆಳನ್ನ ನೋಡಿದ್ರೆ ತಾನೆ ವಯಸ್ಸು ತಿಳಿಯೋದು?" ಅಪ್ಪನ ಹೆಸರೂ ಹೇಳಿದ. ಅಜ್ಜಿ ಒಳಗೆ ಮಾತ್ರ ಕರೆಯುತ್ತಿದ್ದ ಆ ಹೆಸರು ಮೊಗಸಾಲೆಯ ಗೋಡೆಗೆಲ್ಲ ಬಡಿದು ಬಂತು. ಮೊದಲ ಸಾಲಿನಲ್ಲಿ ಅಮ್ಮ ಬೆಚ್ಚಿ, ಇಪ್ಪತ್ತಾರು ವರ್ಷದ ಅಭ್ಯಾಸದಂತೆ, ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಡುವೆ ಒಂಬತ್ತು ವರ್ಷ ಈ ಕಿಂಡೀಲಿ ಕೈ ತೂರಿಸಿದ್ದು ಒಬ್ಬ ಹೆಂಗಸು. ಗಂಡ ಸತ್ತ ಮಾರನೇ ದಿನ, ಅವನ ಚರ್ಮ ಅಂಟಿದ್ದ ಬಟ್ಟೆ ಒಗೆದವಳು. ಅಳೋದಕ್ಕೂ ಬಿಡದೆ ಒಗೆಸಿಕೊಂಡ್ರಿ. ನಮ್ಮಜ್ಜಿ. ಅವಳ ಹೆಸರು..."

ಅವನು ನಿಂತ.

ಬಾಯಿ ತೆರೆದೇ ಇತ್ತು. ಹನ್ನೆರಡು ಪುಟ ಕಣ್ಣ ಮುಂದೆ ತಿರುವಿದವು. ಹಂಡೆಯ ಮೂಲೆ, ಗಂಟೆ, ಮೇಸ್ತ್ರಿಯ ಮಾತು. ಅವನು ಅಮ್ಮನತ್ತ ನೋಡಿದ. ಅಮ್ಮ ಬಾಯಿಯಿಂದ ಕೈ ತೆಗೆದಳು. ತುಟಿ ಅಲುಗಿತು. ಏನೂ ಬರಲಿಲ್ಲ. ದುಃಖಕ್ಕೆ ಗಂಟಲು ಕಟ್ಟಿತು ಅಂದುಕೊಂಡು ಯಾರೋ ನೀರಿನ ಲೋಟ ತಂದರು. ಅಷ್ಟರಲ್ಲಿ ಧ್ವನಿವರ್ಧಕ ಆರಿಸಿದರು.

*

ಅವರು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದರು. ಸಾಲುಮನೆಗೆ ಸುತ್ತು ದಾರಿ.

"ಕೋಣೆ ಹೋಯ್ತು ಅಮ್ಮ."

"ಗೊತ್ತು." ಸ್ವಲ್ಪ ದೂರ ನಡೆದ ಮೇಲೆ ಅವಳೇ ಅಂದಳು. "ಎಳೀಬೇಕಿತ್ತೋ ಬೇಡವೋ ನನಗೆ ತಿಳಿಯೋಲ್ಲ. ಆ ಸಾಹೇಬ ನಗುಮುಖ ಅಂದಾಗ ನನಗೂ ಕೈ ತುರಿಸ್ತು. ನಿಮ್ಮಪ್ಪ ನಕ್ಕಿದ್ದು ನಾನೇ ಎರಡು ಸಲ ನೋಡಿದ್ದೀನಿ."

"ಅಜ್ಜಿ ಹೆಸರೇನಮ್ಮ?"

"ನಾನು ಅತ್ತೆ ಅಂತಿದ್ದೆ. ನಿಮ್ಮಪ್ಪ ಅಮ್ಮ ಅಂತಿದ್ರು. ಉಳಿದೋರೆಲ್ಲ ಹದಿನೇಳು ಅಂತಿದ್ರು. ಬಿಲ್ಲೆ ಕೊಟ್ಟ ಮೇಲೂ ಹಾಗೇ ಕರೆಯೋರು."

"ತಾತನಿಗೆ ಗೊತ್ತಿತ್ತು."

"ಹೂಂ. ಅವನಿಗೆ ಗೊತ್ತಿತ್ತು."

ಆರನೇ ದಿನ ಕೋಣೆ ಖಾಲಿ ಮಾಡಿದರು. ಅಮ್ಮ ಅರ್ಧ ತೇಪೆ ಹಾಕಿದ್ದ ಹಾಸುಬಟ್ಟೆಯನ್ನು ಮಡಿಸಿ ಹೊಸ್ತಿಲ ಮೇಲಿಟ್ಟಳು. ಯಂತ್ರ ಬಂದ ಮೇಲೆ ಯಾರೂ ವಾಪಸು ಕೇಳದಿದ್ದ ಹಿತ್ತಾಳೆಯ ಬಿಲ್ಲೆಯನ್ನು ಹಳೇ ಡಬ್ಬಿಯಿಂದ ತೆಗೆದು ಅವನ ಕೈಗೆ ಕೊಟ್ಟಳು. ಅಂಚು ಸವೆದಿತ್ತು, ನಂಬರು ಸವೆದಿರಲಿಲ್ಲ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮತ್ತೇನೂ ಬರೆದಿರಲಿಲ್ಲ.

ಅಷ್ಟು ಜನರ ಮುಂದೆ ಅವನು ಅಜ್ಜನ ಹೆಸರು ಹೇಳಿದ್ದ. ಅಪ್ಪನ ಹೆಸರು ಹೇಳಿದ್ದ. ಅಜ್ಜಿಯ ಹೆಸರು ಹೇಳಲಿಲ್ಲ. ಮೂರು ಮಧ್ಯಾಹ್ನ ತಾತನ ಎದುರು ಕೂತಿದ್ದಾಗ ಅದೊಂದನ್ನು ಅವನು ಕೇಳಿರಲಿಲ್ಲ.